ಟಿ.ಸಿ. ಕೊಡದ ಚಿಕ್ಕಮಲ್ಲಮ್ಮ

ಗುಂಡ್ಲುಪೇಟೆಯ ಕಡೆ, ಅದರಲ್ಲೂ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಊರುಗಳಲ್ಲಿ, ಚಿಕ್ಕಮಲ್ಲಮ್ಮ ಮೇಡಮ್ ಯಾರು ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಟಿ.ಸಿ. ಕೊಡದ ಮೇಡಮ್ಮು ಅನ್ನಿ, ಎಲ್ಲರೂ ತಲೆಯಾಡಿಸುತ್ತಾರೆ. ಮೂವತ್ತೇಳು ವರ್ಷ ಸರ್ಕಾರಿ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿದ ಹೆಂಗಸು. ಆಯಮ್ಮನಿಗೆ ಇದ್ದದ್ದು ಒಂದೇ ಹಟ: ತನ್ನ ಕ್ಲಾಸಿಗೆ ಬಂದ ಮಗು ಪರೀಕ್ಷೆ ಬರೆಯದೆ ಹೊರಗೆ ಹೋಗಕೂಡದು.

ಆ ಊರುಗಳಿಂದ ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋಗುವುದು ಮೊದಲಿನಿಂದಲೂ ಇದ್ದದ್ದೇ. ಜೀಪು ಬಂದು ಹಾರನ್ ಹೊಡೆಯಿತೆಂದರೆ ಗಂಡ, ಹೆಂಡತಿ, ಮಕ್ಕಳು, ಪಾತ್ರೆ, ಕಂಬಳಿ ಎಲ್ಲ ಹತ್ತಿಬಿಡಬೇಕು. ಒಂದು ಜನವರಿಯಲ್ಲಿ ಪುಟ್ಟಮಾದಯ್ಯ ಎಂಬಾತ, ಏಳನೇ ಕ್ಲಾಸಿನಲ್ಲಿದ್ದ ಮಗಳು ಚಾಮುಂಡಿಯ ಟಿ.ಸಿ. ಕೇಳಿಕೊಂಡು ಸ್ಕೂಲಿಗೆ ಬಂದ. ಚಿಕ್ಕಮಲ್ಲಮ್ಮ ಬೀರುವಿಗೆ ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟರು.

"ಕೊಡಾಕಿಲ್ಲ ಅಂದ್ರೇನು ಮೇಡಮ್ಮೋರೆ, ಮಗು ನಂದು" ಎಂದ ಪುಟ್ಟಮಾದಯ್ಯ.

"ಮಗು ನಿಂದೇ ಕಣಪ್ಪ, ಟಿ.ಸಿ. ನಂದು. ಪರೀಕ್ಷೆ ಕಳೀಲಿ, ಬಾ."

ಅವನು ಒಂದು ಗಂಟೆ ಕೂಗಾಡಿದ. ಕೊನೆಗೆ ಜೀಪು ಹೊರಟುಹೋಗುತ್ತದೆ ಎಂದು ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ತಾನು ಹತ್ತಿದ. ಆ ಚಾಮುಂಡಿ ಈಗ ಚಾಮರಾಜನಗರದಲ್ಲಿ ನರ್ಸು. ಈ ಕಥೆಯನ್ನು ಚಿಕ್ಕಮಲ್ಲಮ್ಮ ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಹೇಳಿಕೊಳ್ಳಲಿ ಬಿಡಿ, ಹಾಗೆ ತಡೆದು ನಿಲ್ಲಿಸಿದ ಮಕ್ಕಳು ಒಂದಿಬ್ಬರಲ್ಲ, ನಲವತ್ತು ಐವತ್ತಾದರೂ ಇದ್ದಾರು.

ರಿಟೈರಾದ ಮೇಲೆ ಗಂಡ ಪುಟ್ಟಬಸಪ್ಪನವರ ಊರು ಉಡಿಗಾಲಕ್ಕೆ ಬಂದು ನೆಲೆಸಿದರು. ಪುಟ್ಟಬಸಪ್ಪನವರಿಗೆ ಅರಿಸಿನದ ಹೊಲ ಇತ್ತು, ಹೊಲದಲ್ಲಿ ಕೆಲಸ ಇತ್ತು. ಇವರಿಗೆ ಮಾತ್ರ ಗದರಿಸಲು ಒಂದು ಮಗುವೂ ಇರಲಿಲ್ಲ. ಎರಡು ವರ್ಷ ಗಂಡನನ್ನೇ ಗದರಿಸಿ ಕಾಲ ಕಳೆದರು. ಅಷ್ಟರಲ್ಲಿ ಮಲ್ಲೇಶ್ ಬಂದ.

ಮಲ್ಲೇಶ್ ಬದನಗುಪ್ಪೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಿಂದ ಒಳಗಿರುವ ಒಂದು ಹೋಮಿನ ಸೂಪರಿಂಟೆಂಡೆಂಟು. ಕಳ್ಳತನದಲ್ಲೋ ಹೊಡೆದಾಟದಲ್ಲೋ ಸಿಕ್ಕಿಬಿದ್ದ, ಹದಿನೆಂಟು ತುಂಬದ ಹುಡುಗರನ್ನು ಜೈಲಿಗೆ ಹಾಕುವಂತಿಲ್ಲವಲ್ಲ. ಅವರ ವಿಚಾರಣೆಗೆಂದೇ ಒಂದು ಮಂಡಳಿ ಇದೆ. ಅದು ಕೆಲವರನ್ನು ಓದಿಸಿ ತಿದ್ದಲು ಇಂಥ ಹೋಮಿಗೆ ಕಳಿಸುತ್ತದೆ. ಯಾವುದೋ ಟ್ರಸ್ಟಿನದು, ಹೆಸರು ನಮಗೆ ಬೇಡ. ಮಂಡಳಿಯವರು ಮೂರು ತಿಂಗಳಿಗೊಮ್ಮೆ ಪ್ರತಿ ಹುಡುಗನ ಬಗ್ಗೆ ಒಂದು ವರದಿ ಕೇಳುತ್ತಾರೆ: ಇವನು ಬಂದಾಗ ಎಷ್ಟು ಓದು ಬರುತ್ತಿತ್ತು, ಈಗ ಎಷ್ಟು ಬರುತ್ತದೆ. ಅದನ್ನು ಅಳೆದು ಹೇಳುವವರು ಬೇಕು ಎಂದು ಮಲ್ಲೇಶ್ ಹಳೆಯ ವರದಿಗಳನ್ನು ತಂದು ತೋರಿಸಿದ. ಎಲ್ಲದರಲ್ಲೂ ಒಂದೇ ಮಾತು ಇತ್ತು: ತೃಪ್ತಿಕರ.

"ಹದಿನೇಳು ಹುಡುಗರದ್ದೂ ಒಂದೇ ತೃಪ್ತಿಯಾ ಮಲ್ಲೇಶ್? ಅನ್ನ ತಿಂದ ಕೈಯಲ್ಲಿ ಬರೆದಿದ್ದೀರಾ, ಇಲ್ಲಾ ನಿದ್ದೆಗಣ್ಣಲ್ಲಿ ಬರೆದಿದ್ದೀರಾ?" ಎಂದು ಬೈದು, ಮಾರನೆಯ ದಿನದಿಂದಲೇ ಬಸ್ಸು ಹತ್ತಿದರು.

ಹೋಮಿನಲ್ಲಿ ಅವರು ಮಾಡಿದ ಮೊದಲ ಕೆಲಸ ಏಣಿ. ಪ್ರತಿ ಹುಡುಗನಿಗೂ ಒಂದೊಂದು ಉದ್ದನೆಯ ಹಾಳೆ, ಹಾಳೆಯ ಮೇಲೆ ಐದು ಮೆಟ್ಟಿಲಿನ ಏಣಿ. ಮೊದಲ ಮೆಟ್ಟಿಲು ಅಕ್ಷರ, ಎರಡನೆಯದು ಪದ, ಮೂರನೆಯದು ಸಾಲು, ನಾಲ್ಕನೆಯದು ಕಥೆ, ಐದನೆಯದು ಪೇಪರು ಓದಿ ಒಂದು ಪತ್ರ ಬರೆಯುವುದು. ಮೂರು ತಿಂಗಳಿಗೊಮ್ಮೆ ಐವತ್ತು ಅಂಕದ ಪರೀಕ್ಷೆ. ಹುಡುಗ ಯಾವ ಮೆಟ್ಟಿಲಿನಲ್ಲಿದ್ದಾನೋ ಅಲ್ಲಿ ತಾರೀಕು ಹಾಕುವುದು. ಎಂಟನೇ ಕ್ಲಾಸಿನವರೆಗೆ ಹೋಗಿ ಬಂದವನಿಗೂ ಒತ್ತಕ್ಷರ ಬರುತ್ತಿರಲಿಲ್ಲ. ಅವರು ಒಬ್ಬೊಬ್ಬನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು, ಬೈದರು, ಮನೆಯಿಂದ ಚಕ್ಕುಲಿ ತಂದು ಕೊಟ್ಟರು. ಹುಡುಗರು ಮೆಟ್ಟಿಲು ಹತ್ತತೊಡಗಿದರು. ಎಲ್ಲರಿಗಿಂತ ಮುಂದೆ ಹತ್ತಿದವನು ಪ್ರದೀಪ್. ಗುಂಡ್ಲುಪೇಟೆ ಕಡೆಯವನು, ಹದಿನಾರು ವರ್ಷ. ಬಂದಾಗ ಎರಡನೇ ಮೆಟ್ಟಿಲಿನಲ್ಲಿದ್ದವನು ಆರೇ ತಿಂಗಳಿಗೆ ಐದನೆಯದಕ್ಕೆ ಬಂದ. ಚಿಕ್ಕಮಲ್ಲಮ್ಮ ಅವನ ವರದಿಯಲ್ಲಿ ಮನಸಾರೆ ಮೆಚ್ಚಿ ನಾಲ್ಕು ಸಾಲು ಬರೆದರು. ಪ್ರದೀಪ್ ಹೋಮಿನಲ್ಲೇ ಉಳಿದು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ. ಆರಕ್ಕೆ ಆರೂ ವಿಷಯ ಫೇಲು. ಅವರಿಗೆ ಅಳುವಷ್ಟು ಬೇಜಾರಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆಮೇಲೆ ಅವನನ್ನು ಮನೆಗೆ ಕಳಿಸಿದರು. ಅಲ್ಲಿಗೆ ಅವನ ಮಾತು ಮುಗಿಯಿತು ಎಂದುಕೊಂಡಿದ್ದರು.

ಆದರೆ ಆ ಹೊತ್ತಿಗಾಗಲೇ ಇನ್ನೊಂದು ವಿಚಿತ್ರ ಶುರುವಾಗಿತ್ತು. ಏಣಿ ಹತ್ತುವವರೇ ಇಲ್ಲ. ಮೂರು ತಿಂಗಳಾಯಿತು, ಆರಾಯಿತು, ಒಂಬತ್ತಾಯಿತು; ಹುಡುಗರೆಲ್ಲ ಎರಡನೇ ಮೆಟ್ಟಿಲಿನಲ್ಲೇ ನಿಂತರು. ನಾಲ್ಕರಲ್ಲಿದ್ದ ಇಬ್ಬರು ಕೆಳಗೇ ಇಳಿದರು. ಪುಟ್ಟರಾಜು ಎಂಬ ಹದಿನೈದರ ಹುಡುಗನಿಗಂತೂ ಮೂರು ಪರೀಕ್ಷೆಯಲ್ಲೂ ಐವತ್ತಕ್ಕೆ ಹನ್ನೆರಡು. ಹನ್ನೊಂದಲ್ಲ, ಹದಿಮೂರಲ್ಲ. ಬುದ್ಧಿ ಚುರುಕಾಗಿದ್ದವರಿಗೆ ಅಲ್ಲೇ ಗುಮಾನಿ ಬರಬೇಕಿತ್ತು. ಚಿಕ್ಕಮಲ್ಲಮ್ಮನಿಗೆ ಬರಲಿಲ್ಲ. ಅವರು ತಮ್ಮನ್ನೇ ಬೈದುಕೊಂಡರು. ವಯಸ್ಸಾಯಿತು, ಪಾಠ ಹೇಳುವ ಕೈ ಹೋಯಿತು ಎಂದು ಊಟ ಬಿಟ್ಟರು.

"ತೆಗಿ ಅತ್ಲಾಗೆ, ಓದ್ದಿದ್ರೆ ಓಗ್ಲಿ. ನೀನ್ಯಾಕೆ ತಟ್ಟೆ ಮುಂದೆ ಕೂತ್ಕಂಡು ಕೊರಗೀಯೆ" ಎಂದರು ಪುಟ್ಟಬಸಪ್ಪನವರು.

"ನಿಮಗೇನು, ಅರಿಸಿನ ಓದಬೇಕಾ" ಎಂದು ಇವರು ತಟ್ಟೆ ತಳ್ಳಿ ಎದ್ದರು.

ಪುಟ್ಟರಾಜು ಪಂಪ್‌ಸೆಟ್ಟಿನ ತಾಮ್ರದ ತಂತಿ ಕದಿಯುವ ಇಬ್ಬರು ದೊಡ್ಡವರ ಜೊತೆ ಹೋಗಿ ಸಿಕ್ಕಿಬಿದ್ದವನು. ಒಂದು ವರ್ಷ ಹೋಮಿನಲ್ಲಿರಬೇಕೆಂದು ಮಂಡಳಿ ಹೇಳಿತ್ತು. ಆ ವರ್ಷ ಈಗ ಮುಗಿಯುತ್ತಿತ್ತು. ಸೋಮವಾರ ಮಂಡಳಿ ಕೂತು ಅವನನ್ನು ಮನೆಗೆ ಕಳಿಸಬೇಕೋ ಇನ್ನೂ ಇಟ್ಟುಕೊಳ್ಳಬೇಕೋ ತೀರ್ಮಾನಿಸಬೇಕು. ಅದಕ್ಕೆ ಬೇಕಾದ ವರದಿ ಚಿಕ್ಕಮಲ್ಲಮ್ಮ ಬರೆಯಬೇಕು. ಮಂಗಳವಾರ ಅವನನ್ನು ಕೂರಿಸಿಕೊಂಡು ಓದಿಸಿದರು. ‘ಮಳೆ ಬಂದು ಕೆರೆ ತುಂಬಿತು’ ಎಂಬ ಒಂದು ಸಾಲಿಗೆ ಅವನು ಮೂರು ನಿಮಿಷ ತೆಗೆದುಕೊಂಡ. ಅಕ್ಷರಕ್ಕೊಂದು ಸಲ ಬೆವರು ಒರೆಸಿಕೊಂಡ. ಪಾಪ ಅನ್ನಿಸಿ ಅವರೇ ಪುಸ್ತಕ ಮುಚ್ಚಿದರು.

ಗುರುವಾರ ಮನೆಯವರು ಬಂದು ನೋಡುವ ದಿನ. ಪುಟ್ಟರಾಜುವಿನ ತಾಯಿ ಮಲ್ಲಿಗಮ್ಮ ಬೆಳಗಿನ ಬಸ್ಸಿಗೆ ಬಂದಿದ್ದಳು. ತಾಯಿ ಮಗ ಇಬ್ಬರೂ ಸ್ಟೋರ್ ರೂಮಿನ ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಚಿಕ್ಕಮಲ್ಲಮ್ಮ ಸ್ಲೇಟು ಎಣಿಸುತ್ತಿದ್ದರು. ಕದ್ದು ಕೇಳುವ ಜಾಯಮಾನ ಅವರದಲ್ಲ. ಕಿಟಕಿ ತೆರೆದಿತ್ತು, ಅಷ್ಟೆ.

"ಮಂಡ್ಲೀಲಿ ಕೊಟ್ರು ಈ ಕಾಗ್ದವ. ಏನದೆ ನೋಡ್ಲಾ" ಎಂದಳು ಮಲ್ಲಿಗಮ್ಮ.

ಆಮೇಲೆ ಒಂದು ದನಿ ಓದಿತು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಬಾಲಕನ ಶೈಕ್ಷಣಿಕ ಪ್ರಗತಿ ವರದಿಯನ್ನು ಪರಿಶೀಲಿಸಿ ಮುಂದಿನ ಆದೇಶ ಹೊರಡಿಸಬೇಕಾಗಿರುವುದರಿಂದ, ಪೋಷಕರು ತಪ್ಪದೆ ಹಾಜರಿರತಕ್ಕದ್ದು." ನಿಲ್ಲಲಿಲ್ಲ, ತಡವರಿಸಲಿಲ್ಲ. ಓದಿದ್ದಲ್ಲದೆ, ತಾಯಿಗೆ ತಿಳಿಯುವ ಹಾಗೆ ಬಿಡಿಸಿಯೂ ಹೇಳಿತು: "ಸ್ವಾಮಾರ ಹತ್ತೂವರೆಗೆ ಬಾ ಅಂತವ್ರೆ ಕಣವ್ವ. ಆಧಾರ್ ಕಾಡು ತಕ ಬಾ."

ಚಿಕ್ಕಮಲ್ಲಮ್ಮ ಬಗ್ಗಿ ನೋಡಿದರು. ಕಟ್ಟೆಯ ಮೇಲೆ ಇದ್ದದ್ದು ಇಬ್ಬರೇ. ಮೊನ್ನೆ ಮಳೆಗೂ ಕೆರೆಗೂ ಬೆವರಿದ್ದ ಪುಟ್ಟರಾಜುವೇ ಕಾಗದ ಮಡಿಸಿ ತಾಯಿಯ ಕೈಗೆ ಕೊಡುತ್ತಿದ್ದ. ಎಣಿಸುತ್ತಿದ್ದ ಲೆಕ್ಕ ತಪ್ಪಿಹೋಯಿತು. ಅಲ್ಲಿದ್ದ ಅಕ್ಕಿ ಮೂಟೆಯ ಮೇಲೆ ಹಾಗೇ ಕುಳಿತುಬಿಟ್ಟರು.

ಮಲ್ಲಿಗಮ್ಮ ಹೋದ ಮೇಲೆ ಹುಡುಗನನ್ನು ಕರೆದರು. ಅವನು ಬಂದು ಬಾಗಿಲಲ್ಲಿ ನಿಂತ.

"ನಿನಗೆ ಓದು ಬರುತ್ತೆ" ಎಂದರು.

ಹುಡುಗ ಕಿಟಕಿ ನೋಡಿದ, ಅವರನ್ನು ನೋಡಿದ. ಅರ್ಥವಾಯಿತು.

"ಬರೀಬ್ಯಾಡಿ ಮಿಸ್" ಎಂದ.

"ಏನು ಬರೀಬಾರದು?"

"ನಂಗೆ ಓದಕ್ಕೆ ಬತ್ತದೆ ಅಂತ ಬರೀಬ್ಯಾಡಿ. ನಿಮ್ ಕಾಲು ಹಿಡ್ಕತೀನಿ. ಹನ್ನೆಲ್ಡೇ ಹಾಕಿ."

"ಯಾಕಪ್ಪ?"

"ಓದಕ್ಕೆ ಬಂದೋರ ಬುಡಾಕಿಲ್ವಲ್ಲ. ಪ್ರದೀಪಣ್ಣನ್ನ ಇನ್ನೊಂದು ವರ್ಸ ಮಡಿಕಂಡ್ರಲ್ಲ. ಪ್ರದೀಪಣ್ಣನೇ ಹೇಳ್ತು, ಮೇಲಿನ್ ಮೆಟ್ಲಿಗೆ ಮಾತ್ರ ಓಗ್ಬ್ಯಾಡಿ ಕಣ್ರಲಾ ಅಂತ."

"ಯಾರೋ ಹೇಳಿದ್ದು ಅವನನ್ನ ಓದಿಗೋಸ್ಕರ ಇಟ್ಟುಕೊಂಡ್ರು ಅಂತ?"

ಪುಟ್ಟರಾಜು ತಲೆ ತಗ್ಗಿಸಿದ. "ನೀವೇ ಬರ್ದಿದ್ರಂತೆ ಮಿಸ್" ಎಂದ.

ಅವನನ್ನು ಏನೂ ಅನ್ನದೆ ಕಳಿಸಿ, ಚಿಕ್ಕಮಲ್ಲಮ್ಮ ನೇರ ಆಫೀಸಿಗೆ ಹೋದರು. ಪ್ರದೀಪನ ಫೈಲು ಕೊಡು ಎಂದರು. ಮಲ್ಲೇಶ್ ಯಾಕೆ ಎಂದು ಕೇಳುವಷ್ಟರಲ್ಲಿ ಅವರ ಮುಖ ನೋಡಿ ಸುಮ್ಮನೆ ತೆಗೆದುಕೊಟ್ಟ.

ಅಭಿಪ್ರಾಯ ಬರೆಯುವ ಷರಾ ಕಾಲಮ್ಮಿನಲ್ಲಿ ಅವರದೇ ದುಂಡು ಅಕ್ಷರ. ‘ಈ ಬಾಲಕನಿಗೆ ಓದು ಹತ್ತಿದೆ. ಈಗ ಮನೆಗೆ ಕಳಿಸಿದರೆ ಶುಂಠಿ ಕೆಲಸಕ್ಕೆ ಹೋಗಿ ಓದು ಹಾಳಾಗುತ್ತದೆ. ಹತ್ತನೇ ತರಗತಿ ಪರೀಕ್ಷೆ ಮುಗಿಯುವವರೆಗೆ ಇಲ್ಲಿಯೇ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.’ ಅದರ ಹಿಂದಿನ ಹಾಳೆ ಮಂಡಳಿಯ ಆದೇಶ. ಶಿಕ್ಷಕಿಯವರ ಅಭಿಪ್ರಾಯವನ್ನು ಗಮನಿಸಿ ಹತ್ತು ತಿಂಗಳು ಮುಂದುವರಿಸಲಾಗಿದೆ ಎಂದಿತ್ತು. ಅವರು ಬರೆದದ್ದು ಸ್ಕೂಲಿನ ಮಗುವಿನ ಟಿ.ಸಿ. ತಡೆಯುವ ಹಾಗೆ. ಇಲ್ಲಿ ಹೊರಗೆ ಬೀಗ ಇದೆ ಎಂಬುದು ಆ ಹೊತ್ತಿನಲ್ಲಿ ಅವರ ತಲೆಗೆ ಹೊಳೆದೇ ಇರಲಿಲ್ಲ.

ಇನ್ನೂ ಒಂದು ಹಾಳೆ ಇತ್ತು, ಹುಡುಗನ ಪ್ರಗತಿಗೆ ಸಾಕ್ಷಿ ಎಂದು ಅವರೇ ಪಿನ್ನು ಹಾಕಿದ್ದು. ಐದನೇ ಮೆಟ್ಟಿಲಿನ ಪರೀಕ್ಷೆ: ಮೇಲಧಿಕಾರಿಗಳಿಗೆ ಒಂದು ಮನವಿ ಪತ್ರ ಬರೆ. ಈ ಪ್ರಶ್ನೆಗೆ ಹುಡುಗರು ಊರಿಗೆ ಬಸ್ಸು ಬಿಡಿ, ಬೀದಿ ದೀಪ ಹಾಕಿಸಿ ಎಂದು ಏನಾದರೂ ಕಟ್ಟಿ ಬರೆಯುತ್ತಾರೆ. ಪ್ರದೀಪ್ ಬರೆದಿದ್ದ:

‘ಮಂಡಳಿಯ ಸಾಹೇಬರಿಗೆ ನಮಸ್ಕಾರ. ನಾನು ಪ್ರದೀಪ್. ನನಗೆ ಈಗ ಪೇಪರ್ ಓದಲು ಬರುತ್ತದೆ. ನನ್ನ ಅವ್ವ ಹಾಸಿಗೆ ಹಿಡಿದಿದ್ದಾಳೆ. ಎದ್ದು ನೀರು ಕುಡಿಯಲು ಆಗುವುದಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾನು ಮನೆಯಿಂದಲೇ ಸ್ಕೂಲಿಗೆ ಹೋಗುತ್ತೇನೆ. ದಯವಿಟ್ಟು ಅವ್ವ ಇರುವಾಗಲೇ ನನ್ನನ್ನು ಕಳಿಸಿ.’

ಮೇಲೆ ಬಲಗಡೆ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿತ್ತು. ದಿನಾಂಕ ಬರೆದಿಲ್ಲ, ಒಂದು ಅಂಕ ಕಳೆದಿದೆ. ಕೆಳಗೆ ಹತ್ತಕ್ಕೆ ಒಂಬತ್ತು. ಪಕ್ಕದಲ್ಲಿ ಅದೇ ಕೆಂಪು ಶಾಯಿ, ಅದೇ ದುಂಡು ಅಕ್ಷರ: ‘ಭಾವ ಸಹಜವಾಗಿ ಮೂಡಿದೆ.’

ಚಿಕ್ಕಮಲ್ಲಮ್ಮ ಅದನ್ನು ಓದಿದ್ದರು. ಒಂದೊಂದು ಅಕ್ಷರವನ್ನೂ ಓದಿದ್ದರು, ಒತ್ತು ದೀರ್ಘ ಎಲ್ಲ ಸರಿಯಿದೆಯಾ ಎಂದು ನೋಡಿದ್ದರು. ಹುಡುಗ ನಿಜವಾಗಿಯೂ ಕೇಳುತ್ತಿದ್ದಾನೆ ಎಂದು ಮಾತ್ರ ಗೊತ್ತಾಗಿರಲಿಲ್ಲ.

"ಇವನ ತಾಯಿ?" ಎಂದರು.

"ಆ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು ಮೇಡಮ್. ಎರಡು ಗಂಟೆ ಪರ್ಮಿಶನ್ ಮೇಲೆ ಕರ್ಕೊಂಡು ಹೋಗಿದ್ವಿ. ನೀವು ಆ ವಾರ ರಜದಲ್ಲಿದ್ರಿ" ಎಂದ ಮಲ್ಲೇಶ್.

"ನನಗ್ಯಾಕೆ ಹೇಳಲಿಲ್ಲ?"

"ಅವನೇ ಬೇಡ ಅಂದ. ಪರೀಕ್ಷೇಲಿ ಆರು ಪೇಪರೂ ಖಾಲಿ ಕೊಟ್ಟು ಬಂದ. ಈಗ ಕೇರಳದಲ್ಲಿ ಶುಂಠಿ ಕೆಲಸದಲ್ಲಿದಾನಂತೆ."

ಆ ಮೂರು ದಿನ ಉಡಿಗಾಲದ ಮನೆಯಲ್ಲಿ ಚಿಕ್ಕಮಲ್ಲಮ್ಮನ ದನಿ ಕೇಳಲಿಲ್ಲ. ಪುಟ್ಟಬಸಪ್ಪನವರಿಗೆ ಬೈಗುಳ ತಪ್ಪಿದ್ದೇ ಭಯವಾಗಿ, ಡಾಕ್ಟರ ಹತ್ತಿರ ಹೋಗನ ಬಾ ಎಂದರು. ಅವರು ಹೋಗಲಿಲ್ಲ. ಮೇಜಿನ ಮೇಲೆ ಪುಟ್ಟರಾಜುವಿನ ವರದಿ ಇತ್ತು. ಹನ್ನೆರಡು ಎಂದು ಬರೆದರೆ ಅದು ಸುಳ್ಳು; ಒಂದು ವರ್ಷದಲ್ಲಿ ಏನೂ ಕಲಿಯದವನನ್ನು ಇನ್ನಷ್ಟು ದಿನ ಇಟ್ಟುಕೊಂಡು ಕಲಿಸಿ ಎಂದು ಮಂಡಳಿ ಹೇಳಿದರೂ ಹೇಳೀತು. ನಿಜ ಬರೆದರೆ ಪ್ರದೀಪನ ಗತಿಯೇ ಇವನಿಗೂ. ಮೂವತ್ತೇಳು ವರ್ಷದಲ್ಲಿ ಒಂದು ಅಂಕವನ್ನೂ ಸುಳ್ಳು ಹಾಕಿದವರಲ್ಲ. ಭಾನುವಾರ ಮಧ್ಯಾಹ್ನ ನಿಜವನ್ನೇ ಬರೆದರು: ಐದನೇ ಮೆಟ್ಟಿಲು. ಹಿಂದಿನ ಮೂರು ಪರೀಕ್ಷೆಯ ಅಂಕಗಳನ್ನು ನಂಬಬಾರದು, ಹುಡುಗ ನನಗೆ ಹೆದರಿ ಓದು ಬರುವುದನ್ನು ಮುಚ್ಚಿಟ್ಟಿದ್ದ. ಷರಾ ಕಾಲಮ್ಮಿಗೆ ಬಂದಾಗ ಪೆನ್ನು ಎತ್ತಿದರು, ಇಳಿಸಿದರು. ಅದನ್ನು ಖಾಲಿ ಬಿಟ್ಟರು.

ಸೋಮವಾರ ಮಂಡಳಿಯ ಮುಂದೆ ಮಲ್ಲೇಶ್, ಪುಟ್ಟರಾಜು, ಮಲ್ಲಿಗಮ್ಮ ನಿಂತಿದ್ದರು. ಕರೆಯದಿದ್ದರೂ ಚಿಕ್ಕಮಲ್ಲಮ್ಮನೂ ಬಂದಿದ್ದರು. ಮಂಡಳಿಯಲ್ಲಿ ಮೂವರು. ಒಬ್ಬ ಸದಸ್ಯೆ, ಕನ್ನಡಕದ ಹೆಂಗಸು, ವರದಿ ಓದಿ ನಿಜವಾದ ಸಂತೋಷದಿಂದ ತಲೆ ಎತ್ತಿದರು.

"ಇಷ್ಟು ಚೆನ್ನಾಗಿ ಓದ್ತಾನೆ ಅಂದ್ಮೇಲೆ ಈಗ ಕಳಿಸಿದರೆ ಹಾಳಾಗಿಬಿಡ್ತಾನೆ ಅಲ್ವಾ? ಹತ್ತನೇ ತರಗತಿ ಮುಗಿಯೋವರೆಗೂ ಅಲ್ಲೇ ಇರಲಿ. ಮೇಡಮ್, ಹಿಂದೆ ಒಬ್ಬನಿಗೆ ನೀವೇ ಹೀಗೆ ಬರೆದಿದ್ರಿ. ನಮಗೂ ತುಂಬಾ ಒಳ್ಳೇದು ಅನ್ನಿಸಿತ್ತು."

ಚಿಕ್ಕಮಲ್ಲಮ್ಮನದೇ ಮಾತು ಇನ್ನೊಬ್ಬರ ಬಾಯಲ್ಲಿ, ಅಷ್ಟೇ ಒಳ್ಳೆಯತನದಿಂದ ಬರುತ್ತಿತ್ತು. ಪುಟ್ಟರಾಜು ಅವರತ್ತ ತಿರುಗಿ ನೋಡಿದ. ಅವನು ಬೈಯುವ ಹಾಗೆ ನೋಡಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಗೊತ್ತಿತ್ತು ಎನ್ನುವ ಹಾಗೆ ನೋಡಿದ.

ಅವರು ಮುಂದೆ ಹೋಗಿ ಪ್ರದೀಪನ ಪತ್ರವನ್ನು ಸದಸ್ಯೆಯ ಮುಂದೆ ಇಟ್ಟರು.

"ಇದನ್ನ ಒಂದ್ಸಲ ಓದಿ ಅಮ್ಮ. ನಿಮ್ಮ ಫೈಲಿನಲ್ಲೂ ಇದರ ಜೆರಾಕ್ಸ್ ಇದೆ. ನಾವಿಬ್ಬರೂ ಓದಿದ್ದೀವಿ. ನಾನು ಮಾರ್ಕ್ಸು ಹಾಕಿದೆ, ನೀವು ಸೀಲು ಹಾಕಿದಿರಿ."

ಸದಸ್ಯೆ ಓದಿದರು. ಕೆಂಪು ಶಾಯಿಯ ಹತ್ತಿರ ಬಂದಾಗ ಕನ್ನಡಕ ತೆಗೆದರು. ಕಾಗದವನ್ನು ಪಕ್ಕದವರಿಗೆ ಕೊಟ್ಟರು, ಅವರು ತಮ್ಮ ಪಕ್ಕದವರಿಗೆ.

"ಓದು ಬರುತ್ತೆ ಅಂತ ಹೊರಗಡೆ ಯಾವ ಮಗುವನ್ನೂ ಹಿಡಿದು ಇಡಲ್ಲ" ಎಂದರು ಚಿಕ್ಕಮಲ್ಲಮ್ಮ. "ನಾನು ಅಳೆದದ್ದು ಓದನ್ನಲ್ಲ ಅಮ್ಮ, ಇವರ ಹೆದರಿಕೆಯನ್ನ. ಇವನು ತಪ್ಪು ಮಾಡಿದ್ದಕ್ಕೆ ಒಂದು ವರ್ಷ ಅಂದ್ರಿ, ಆ ವರ್ಷ ಮುಗೀತು. ಇವನ ಊರ ಹತ್ತಿರದ ಹೈಸ್ಕೂಲಿಗೆ ಸೇರಿಸಿ, ವಾರಕ್ಕೊಮ್ಮೆ ನಾನೇ ಬಸ್ಸು ಹತ್ತಿ ಹೋಗಿ ನೋಡ್ಕೊಂಡು ಬರ್ತೀನಿ. ಇಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ."

ಮೂವರೂ ತಲೆ ಕೂಡಿಸಿ ಮಾತಾಡಿಕೊಂಡರು. ಕಾಲು ಗಂಟೆಯಲ್ಲಿ ಆದೇಶ ಬಂತು. ಪುಟ್ಟರಾಜು ಅವತ್ತೇ ತಾಯಿಯ ಜೊತೆ ಹೋಗಬಹುದು, ಹೈಸ್ಕೂಲಿಗೆ ಸೇರಬೇಕು. ಮಲ್ಲಿಗಮ್ಮ ಅಳುತ್ತ ಎಲ್ಲರಿಗೂ ಕೈಮುಗಿದಳು, ಬಾಗಿಲಲ್ಲಿದ್ದ ಪ್ಯೂನಿಗೂ ಕೈಮುಗಿದಳು.

ಹೊರಗೆ ಹುಣಸೆಮರದ ನೆರಳಿನಲ್ಲಿ ಪುಟ್ಟರಾಜು ಆದೇಶವನ್ನೂ ಅದಕ್ಕೆ ಲಗತ್ತಿಸಿದ್ದ ವರದಿಯನ್ನೂ ಬಿಚ್ಚಿದ. ಜೋರಾಗಿ, ಒಂದಕ್ಷರ ಬಿಡದೆ, ಒಂದು ಸಲ ಓದಿದ. ಚಿಕ್ಕಮಲ್ಲಮ್ಮನ ಎದುರು ಅವನು ಹಾಗೆ ಓದಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿ ಓದುತ್ತಾನೆ ಎಂದು ಅವರ ಕಣ್ಣು ತುಂಬಿತು. ಹುಡುಗ ಅವರನ್ನು ನೋಡಲಿಲ್ಲ. ಹಾಳೆ ತಿರುಗಿಸಿ ಹಿಂದುಗಡೆ ನೋಡಿದ, ಮತ್ತೆ ಮುಂದೆ ತಿರುಗಿಸಿದ. ಕೊನೆಗೆ ಖಾಲಿ ಬಿಟ್ಟಿದ್ದ ಕಾಲಮ್ಮಿನ ಮೇಲೆ ಬೆರಳಿಟ್ಟ.

"ಇಲ್ಲಿ ಆಮ್ಯಾಲೆ ಬರೀತೀರಾ ಮಿಸ್?"

"ಇಲ್ಲ ಕಣಪ್ಪ. ಏನೂ ಬರೆಯಲ್ಲ."

ಅವನು ಬೆರಳು ತೆಗೆಯಲಿಲ್ಲ. ಮಲ್ಲಿಗಮ್ಮ ಬಸ್ಸಿಗೆ ಹೊತ್ತಾಯ್ತು ಬಾರ್ಲಾ ಎಂದು ಕರೆದಳು. ಆಗಲೂ ಅವನು ಕದಲಲಿಲ್ಲ.

"ಅಂಗಾರೆ ಒಂದು ಗೀಟು ಹಾಕ್ಬುಡಿ" ಎಂದ.

ಚಿಕ್ಕಮಲ್ಲಮ್ಮ ಬ್ಯಾಗಿನಿಂದ ಪೆನ್ನು ತೆಗೆದರು. ಕಾಗದವನ್ನು ಹುಡುಗನೇ ತನ್ನ ಅಂಗೈ ಮೇಲೆ ಹಿಡಿದುಕೊಂಡ, ಅವರ ಕೈಗೆ ಬಿಟ್ಟುಕೊಡಲಿಲ್ಲ. ಅವರು ಬಗ್ಗಿ, ಖಾಲಿ ಕಾಲಮ್ಮಿನ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದರು. ಗೆರೆ ಪೂರ್ತಿ ಎಳೆದು ಮುಗಿಯುವ ತನಕ ಪುಟ್ಟರಾಜು ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಆಮೇಲೆ ಕಾಗದ ಮಡಿಸಿ ಅಂಗಿಯ ಒಳಗೆ ಹಾಕಿಕೊಂಡು, ತಾಯಿಯ ಹಿಂದೆ ಓಡಿದ.